ಪ್ರತಿದಿನವೂ ಜನವರಿ ಒಂದು

ಊರಿನ ಮನೆಯ ಕಂಪ್ಯೂಟರಿನಲ್ಲಿ ತಾರೀಕು ಕೆಟ್ಟಿದೆ ಎಂದು ಅಪ್ಪಯ್ಯ ಫೋನಿನಲ್ಲಿ ಹೇಳಿದಾಗ ನಾನು ಅದನ್ನು ದೊಡ್ಡ ಸಂಗತಿಯೆಂದು ಎಣಿಸಲಿಲ್ಲ. "ದಿನಾ ಬೆಳಗ್ಗೆ ಹಾಕಿದ್ರೆ 2008ನೇ ಇಸವಿ ಜನವರಿ ಒಂದು ಹೇಳಿ ತೋರಿಸ್ತು ತಮಾ. ನನ್ನ ವಯಸ್ಸೂ ಹಂಗೇ ಹಿಂದೆ ಹೋದ್ರೆ ಅಡ್ಡಿಲ್ಲೆ" ಎಂದು ಅವರು ನಕ್ಕರು, ನಾನೂ ನಕ್ಕೆ. ಒಳಗಿನ ಸಣ್ಣ ಬ್ಯಾಟರಿ ಸತ್ತಿರಬೇಕು, ಮುಂದಿನ ಸಲ ಬಂದಾಗ ಹೊಸದು ಹಾಕಿಕೊಡುತ್ತೇನೆ ಎಂದೆ. ಇದು 2024ರ ಫೆಬ್ರವರಿಯ ಮಾತು. ಆ ‘ಮುಂದಿನ ಸಲ’ ನಾನು ಊರಿಗೆ ಹೋದೆ, ಉಂಡೆ, ತೋಟ ಸುತ್ತಿದೆ, ಬಸ್ಸು ಹತ್ತಿ ಬೆಂಗಳೂರಿಗೆ ಮರಳಿದೆ. ಬ್ಯಾಟರಿಯ ನೆನಪೇ ಆಗಲಿಲ್ಲ. ನಲವತ್ತು ರೂಪಾಯಿ ಬೆಲೆಯ ಆ ಬಿಲ್ಲೆಯನ್ನು ಮರೆತದ್ದಕ್ಕೆ ನಾವು ತೆತ್ತದ್ದೇನು ಎಂಬುದನ್ನು ಬರೆದಿಡಬೇಕು ಎಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಆ ಯಂತ್ರ ನಮ್ಮ ಮನೆಗೆ ಬಂದದ್ದು 2008ರಲ್ಲಿ. ಹಿಂದಿನ ವರ್ಷವಷ್ಟೇ ಅಪ್ಪಯ್ಯ ಪ್ರೌಢಶಾಲೆಯ ಕನ್ನಡ ಮೇಷ್ಟ್ರ ಕೆಲಸದಿಂದ 58ನೇ ವಯಸ್ಸಿಗೆ ನಿವೃತ್ತರಾಗಿದ್ದರು. (ಅವರು ಮನೆಗೆ ಬಂದ ಮರುವರ್ಷವೇ ಸರ್ಕಾರ ನಿವೃತ್ತಿಯ ವಯಸ್ಸನ್ನು 60ಕ್ಕೆ ಏರಿಸಿತು, ಆ ವಿಷಯ ಇಂದಿಗೂ ವರ್ಷಕ್ಕೊಮ್ಮೆಯಾದರೂ ಊಟದ ಹೊತ್ತಿಗೆ ಎದ್ದುಬರುತ್ತದೆ.) ಬಂದ ಹಣದಲ್ಲಿ ಒಂದು ಪಾಲು ತೆಗೆದಿರಿಸಿ ಕಂಪ್ಯೂಟರು ಕೊಳ್ಳಬೇಕೆಂದರು. ಬೆಂಗಳೂರಿನ ಎಸ್.ಪಿ. ರಸ್ತೆಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ, ನಾವಿಬ್ಬರೂ ಹೋಗಿ ಬಿಡಿಭಾಗಗಳನ್ನು ಒಂದೊಂದು ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡು, ಕೊನೆಯ ಅಂಗಡಿಯ ಹುಡುಗನಿಂದ ಜೋಡಿಸಿಕೊಂಡೆವು. ಎರಡು ಕೋರಿನ ಪ್ರೊಸೆಸರ್, 1 ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಸಾಗರದ ರಾತ್ರಿ ಬಸ್ಸಿನಲ್ಲಿ ಕ್ಯಾಬಿನೆಟ್ಟಿನ ಪೆಟ್ಟಿಗೆಯನ್ನು ಅಪ್ಪಯ್ಯ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಮಾನಿಟರ್ ನನ್ನ ಕಾಲಬುಡದಲ್ಲಿತ್ತು.

ಅವರಿಗೆ ಕಂಪ್ಯೂಟರು ಬೇಕಾಗಿದ್ದುದು ಒಂದೇ ಕೆಲಸಕ್ಕೆ. ಅಡಿಕೆ ತೋಟದ ಮಾತುಗಳನ್ನು ಕೂಡಿಹಾಕಬೇಕೆಂಬ ಆಸೆ ಅವರಿಗೆ ಮೇಷ್ಟ್ರಾಗಿದ್ದಾಗಿನಿಂದಲೂ ಇತ್ತು. ಹಾಳೆ, ಸೋಗೆ, ದಬ್ಬೆ, ಕೊಟ್ಟೆ, ಮೆಟ್ಟುಗತ್ತಿ, ಕೊನೆಗಾರ, ಸೊಪ್ಪಿನ ಬೆಟ್ಟ ಎಂಬಂಥವು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದಗಳು. ಆದರೆ ಕೊನೆಯನ್ನು, ಅಂದರೆ ಅಡಿಕೆಯ ಗೊನೆಯನ್ನು, ಇಳಿಸುವವನು ಮರದ ಮೇಲಿನಿಂದ ಕೆಳಗಿನವನಿಗೆ ಕೂಗುವ ಮಾತು, ಸುಲಿಯುವ ಹೆಂಗಸರು ಕೈಗೆ ಬಂದ ಕಾಯಿಯ ಬಲಿತನಕ್ಕೆ ಇಟ್ಟುಕೊಂಡ ಹೆಸರುಗಳು, ಕೊಳೆರೋಗ ಬಿದ್ದ ಕೊನೆಯ ಒಂದೊಂದು ಹಂತಕ್ಕಿದ್ದ ಬೇರೆ ಬೇರೆ ಶಬ್ದಗಳು, ಇವನ್ನು ಯಾರೂ ಬರೆದುಕೊಂಡಿರಲಿಲ್ಲ. ಮದ್ದು ಹೊಡೆಯಲು ಯಂತ್ರ ಬಂದ ಮೇಲೆ, ಸುಲಿಯಲು ಯಂತ್ರ ಬಂದ ಮೇಲೆ, ಆ ಮಾತುಗಳು ಆಡುವವರ ಬಾಯಿಂದಲೇ ಬಿದ್ದುಹೋಗುತ್ತಿದ್ದವು. ಅಪ್ಪಯ್ಯ ಊರೂರು ತಿರುಗಿ, ಚೀಟಿಗಳಲ್ಲಿ ಗೀಚಿಕೊಂಡು ಬಂದು, ಬೆಳಗಿನ ಕಾಫಿಯಾದ ಮೇಲೆ ಎರಡು ತಾಸು ಕೂತು ಟೈಪು ಮಾಡುತ್ತಿದ್ದರು. ಅಕ್ಷರಕ್ಕೊಂದು ಕಡತ. ಹದಿನೇಳು ವರ್ಷಗಳಲ್ಲಿ ಅದು ಸಾವಿರದ ನಾನೂರು ಪದಗಳಷ್ಟಾಗಿತ್ತು. ಚೀಟಿಗಳನ್ನು ಮಾತ್ರ, ಟೈಪಾಯಿತಲ್ಲ ಎಂದು, ಅವರು ಬಚ್ಚಲೊಲೆಗೆ ಹಾಕುತ್ತ ಬಂದಿದ್ದರು.

ಇನ್ನು ಆ ಬ್ಯಾಟರಿಯ ವಿಷಯ. ಮದರ್‌ಬೋರ್ಡಿನ ಮೇಲೆ, ಅಂದರೆ ಒಳಗಿನ ಮುಖ್ಯ ಹಲಗೆಯ ಮೇಲೆ, ಕೂತಿರುವ ಈ ಬಿಲ್ಲೆಗೆ ಸಿಆರ್2032 ಎಂದು ಹೆಸರು; 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದೇ ಆ ಅಂಕಿಯ ಅರ್ಥ. ಕಂಪ್ಯೂಟರು ಆರಿರುವಾಗಲೂ ಒಳಗಿನ ಗಡಿಯಾರ ನಡೆಯುವಂತೆ ನೋಡಿಕೊಳ್ಳುವುದು ಅದರ ಕೆಲಸ. ಪ್ಲಗ್ಗು ಗೋಡೆಯಲ್ಲಿದ್ದು ಸ್ವಿಚ್ಚು ಹಾಕಿದ್ದರೆ ಗಡಿಯಾರಕ್ಕೆ ಬೇಕಾದಷ್ಟು ವಿದ್ಯುತ್ತು ಅಲ್ಲಿಂದಲೇ ಸಿಗುವುದರಿಂದ ಬ್ಯಾಟರಿಗೆ ಹೆಚ್ಚು ದುಡಿಮೆಯಿಲ್ಲ. ನಮ್ಮಲ್ಲಾದರೋ ಸಿಡಿಲಿನ ಭಯ. ಮಲೆನಾಡಿನಲ್ಲಿ ಏಪ್ರಿಲಿನ ಒಂದು ಸಂಜೆಯ ಮಳೆಗೆ ಟಿವಿ, ಫೋನು, ಮೋಟಾರು ಮೂರೂ ಒಟ್ಟಿಗೆ ಸುಟ್ಟ ಮನೆಗಳಿವೆ. ಹಾಗಾಗಿ ಅಪ್ಪಯ್ಯ ಕೆಲಸ ಮುಗಿದ ಕೂಡಲೇ ಪ್ಲಗ್ಗು ಕಿತ್ತು, ವಯರನ್ನು ಸುತ್ತಿ ಮೇಜಿನ ಮೇಲಿಡುತ್ತಿದ್ದರು. ದಿನಕ್ಕೆ ಇಪ್ಪತ್ತೆರಡು ತಾಸು ಗಡಿಯಾರವನ್ನು ಹೊತ್ತು ನಡೆಸಿದ್ದು ಆ ಬಿಲ್ಲೆಯೊಂದೇ. 2016ರಲ್ಲಿ ನಾನೇ ಒಮ್ಮೆ ಬದಲಾಯಿಸಿದ್ದೆ, ಎಂಟು ವರ್ಷಕ್ಕೆ ಅದು ಸುಸ್ತಾಯಿತು. ಅಂದಿನಿಂದ ಪ್ರತಿ ಬೆಳಗ್ಗೆ ಕಪ್ಪು ತೆರೆಯ ಮೇಲೆ ಏನೋ ಎರರ್ ಬಂದು, ಮುಂದುವರಿಯಲು ಎಫ್1 ಒತ್ತಿ ಎನ್ನುತ್ತಿತ್ತು. ಅಪ್ಪಯ್ಯ ಒತ್ತುತ್ತಿದ್ದರು. ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ಒತ್ತುತ್ತಿದ್ದರು ಎಂದರೆ ಅವರು ಬೇಸರಪಡಲಾರರು.

ಆ ಮಳೆಗಾಲದಲ್ಲಿ ಎರಡನೆಯ ಕಾಯಿಲೆ ಶುರುವಾಯಿತು. ಸ್ವಿಚ್ಚು ಹಾಕಿದರೆ ಫ್ಯಾನು ತಿರುಗುತ್ತದೆ, ತೆರೆ ಬೆಳಗುವುದಿಲ್ಲ. ಕೆಲವು ದಿನ ಒಂದೇ ಸಮನೆ ಉದ್ದನೆಯ ಬೀಪು ಬರುತ್ತಿತ್ತು, ಕೆಲವು ದಿನ ಅದೂ ಇಲ್ಲ. ಬೀಪು ಬಂದರೆ ರ‍್ಯಾಮ್ ಸರಿಯಾಗಿ ಕೂತಿಲ್ಲವೆಂದು ಅರ್ಥ. ಫೋನಿನಲ್ಲೇ ಹೇಳಿಕೊಟ್ಟೆ: ಪಕ್ಕದ ತಗಡು ತೆಗೆಯಬೇಕು, ರ‍್ಯಾಮ್ ಎಂಬ ಉದ್ದನೆಯ ಹಸಿರು ಪಟ್ಟಿಯ ಎರಡು ತುದಿಯ ಬಿಳಿ ಕಿವಿಗಳನ್ನು ಹೊರಕ್ಕೆ ಒತ್ತಬೇಕು, ಪಟ್ಟಿ ಮೇಲೆ ಬರುತ್ತದೆ, ಅದರ ಅಂಚಿನ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಬೇಕು. ಜೌಗಿನ ಊರುಗಳಲ್ಲಿ ಆ ಹಲ್ಲುಗಳ ಮೇಲೆ ತೆಳುವಾದ ಕಿಲುಬು ಕಟ್ಟುವುದು ಸಾಮಾನ್ಯ. ಮೇಷ್ಟ್ರ ಮನೆಯಲ್ಲಿ ರಬ್ಬರಿಗೇನು ಬರ? ಒಂದು ವಾರ ಸರಿಹೋಯಿತು. ಆಮೇಲೆ ಬೀಪೂ ಇಲ್ಲದ ಮೌನ ಮರಳಿತು. ಅದಕ್ಕೆ ಅಪ್ಪಯ್ಯ ತಾವೇ ಒಂದು ಔಷಧ ಕಂಡುಕೊಂಡಿದ್ದರು. ಸ್ವಿಚ್ಚು ಹಾಕಿ ಬಿಟ್ಟು, ಕೊಟ್ಟಿಗೆಗೆ ಹೋಗಿ ಬಂದು, ಆರಿಸಿ ಮತ್ತೆ ಹಾಕಿದರೆ ಎರಡನೆಯ ಅಥವಾ ಮೂರನೆಯ ಸಲಕ್ಕೆ ಅದು ಏಳುತ್ತಿತ್ತು. "ಚಳಿಗೆ ಅದಕ್ಕೂ ಏಳುಲೆ ಬೇಜಾರು" ಎಂಬುದು ಅವರ ನಿದಾನ.

ನಾನು ಅದನ್ನು ತಮಾಷೆಯೆಂದುಕೊಂಡೆ, ಆದರೆ ಅವರ ಮಾತು ಅಕ್ಷರಶಃ ನಿಜವಾಗಿತ್ತು. ದೀಪಾವಳಿಗೆ ಹೋದಾಗ ಕ್ಯಾಬಿನೆಟ್ಟನ್ನು ಜಗಲಿಯ ಬೆಳಕಿಗೆ ತಂದು ತೆರೆದೆ. ಮೊದಲು ಕಂಡದ್ದು ಹಿಂಬದಿಯ ಒಂದು ಖಾಲಿ ಕಿಂಡಿಯಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು. ಅಚ್ಚುಕಟ್ಟಾಗಿ, ನಾಲ್ಕು ಕೋಣೆಗಳು, ಒಂದಕ್ಕೆ ಬಾಗಿಲು ಮುಚ್ಚಿರಲಿಲ್ಲ. ಫ್ಯಾನಿನ ಅಡಿ ಬೂದುಬಣ್ಣದ ಹತ್ತಿಯಂಥ ಧೂಳು. ಅದನ್ನೆಲ್ಲ ಬ್ರಷ್ಷಿನಿಂದ ತೆಗೆದು ಟಾರ್ಚು ಬಿಟ್ಟಾಗ ಪ್ರೊಸೆಸರಿನ ಪಕ್ಕದಲ್ಲಿ ಸಾಲಾಗಿ ನಿಂತ ಪುಟ್ಟ ಡಬ್ಬಿಗಳು ಕಂಡವು. ಇವು ಕೆಪಾಸಿಟರುಗಳು. ಪ್ರೊಸೆಸರಿಗೆ ಹೋಗುವ ವಿದ್ಯುತ್ತಿನ ಏರಿಳಿತವನ್ನು ಹೀರಿ ಸಮ ಮಾಡುವುದು ಇವುಗಳ ಕೆಲಸ. ಡಬ್ಬಿಯ ನೆತ್ತಿಯ ಮೇಲೆ ಬೇಕೆಂದೇ ಗೀರಿದ ಗೆರೆಗಳಿರುತ್ತವೆ; ಒಳಗಿನ ದ್ರವ ಕಾದು ಅನಿಲವಾಗಿ ಒತ್ತಡ ಹೆಚ್ಚಿದರೆ ಡಬ್ಬಿ ಸಿಡಿಯುವ ಬದಲು ಆ ಗೆರೆಯಲ್ಲಿ ಬಿರಿಯಲಿ ಎಂದು. ಆರೋಗ್ಯವಾಗಿರುವ ಕೆಪಾಸಿಟರಿನ ನೆತ್ತಿ ನಾಣ್ಯದಂತೆ ಸಪಾಟಾಗಿರುತ್ತದೆ. ನಮ್ಮ ಬೋರ್ಡಿನ ಎಂಟರಲ್ಲಿ ಐದು, ಉದ್ದಿನ ಇಡ್ಲಿಯಂತೆ ಉಬ್ಬಿದ್ದವು. ಒಂದರ ನೆತ್ತಿಯಲ್ಲಿ ಒಣಗಿದ ಬೆಲ್ಲದ ಪಾಕದಂಥ ಕಂದು ಕಲೆ. ದ್ರವ ಒಣಗುತ್ತ ಬಂದ ಕೆಪಾಸಿಟರಿನ ಒಳಗಿನ ತಡೆ ಹೆಚ್ಚುತ್ತದೆ, ಚಳಿಯಲ್ಲಿ ಇನ್ನೂ ಹೆಚ್ಚುತ್ತದೆ. ಹಾಗಾಗಿ ತಣ್ಣಗಿರುವಾಗ ಯಂತ್ರ ಏಳಲಾರದು. ಸ್ವಲ್ಪ ಹೊತ್ತು ವಿದ್ಯುತ್ತು ಹರಿದು ಮೈ ಬೆಚ್ಚಗಾದ ಮೇಲೆ ಏಳುತ್ತದೆ. ಕೊಟ್ಟಿಗೆಗೆ ಹೋಗಿಬರುವ ಚಿಕಿತ್ಸೆ ಫಲಿಸುತ್ತಿದ್ದುದು ಇದಕ್ಕೇ.

ಪೇಟೆಯ ಕಂಪ್ಯೂಟರ್ ಅಂಗಡಿಯವನು ನೋಡಿದ ಕೂಡಲೇ "ಬೋರ್ಡು ಹೋಗಿದೆ ಮೇಷ್ಟ್ರೇ, ಹೊಸ ಸೆಟ್ಟೇ ತಗಳಿ, ಇದಕ್ಕೆ ಖರ್ಚು ಮಾಡೋದು ದಂಡ" ಎಂದ. ಅವನ ಲೆಕ್ಕದಲ್ಲಿ ಅದು ಸರಿಯಾದ ಮಾತೇ. ಹದಿನಾರು ವರ್ಷದ ಬೋರ್ಡಿಗೆ ಹೊಂದುವ ಬೋರ್ಡು ಅವನೆಲ್ಲಿಂದ ತಂದಾನು? ಅಪ್ಪಯ್ಯ ಮಾತ್ರ ಏನೂ ಹೇಳದೆ ಕ್ಯಾಬಿನೆಟ್ಟನ್ನು ಆಟೋದಲ್ಲಿ ಹಾಕಿಸಿಕೊಂಡು, ಹಿಂದಿನ ಬೀದಿಯಲ್ಲಿ ರೇಡಿಯೋ ಕಾಲದಿಂದಲೂ ರಿಪೇರಿ ಮಾಡುತ್ತ ಬಂದ ಹಿರಿಯರೊಬ್ಬರ ಅಂಗಡಿಗೆ ಹೋದರು. ಅವರು ಕಂಪ್ಯೂಟರನ್ನು ಬಳಸಿದವರಲ್ಲ. ಕನ್ನಡಕವನ್ನು ಹಣೆಗೇರಿಸಿ, ಭೂತಗನ್ನಡಿ ಹಿಡಿದು ಐದು ಡಬ್ಬಿಗಳ ಮೇಲಿನ ಅಂಕಿಗಳನ್ನು ಬೀಡಿಯ ಪೊಟ್ಟಣದ ಹಿಂಬದಿಗೆ ಬರೆದುಕೊಂಡರು. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟು ಅಷ್ಟೇ ಅಥವಾ ಮೇಲಿರಬಹುದು, ಕೆಳಗಿರಕೂಡದು, 105 ಡಿಗ್ರಿಯದ್ದೇ ಆಗಬೇಕು, ಒಳತಡೆ ಕಡಿಮೆಯಿರುವ ಜಾತಿಯದ್ದಾಗಬೇಕು ಎಂದು ನನಗೇ ಪಾಠ ಹೇಳಿದರು. ಬೆಂಗಳೂರಿನಿಂದ ತಂದುಕೊಟ್ಟೆ. ಮುಂದಿನ ವಾರ, ಬೋರ್ಡನ್ನು ಬೋರಲು ಮಲಗಿಸಿ, ಎರಡೂ ಕಾಲುಗಳನ್ನು ಒಂದಾದ ಮೇಲೊಂದರಂತೆ ಕಾಯಿಸಿ ಅಲುಗಾಡಿಸುತ್ತ, ಹಲ್ಲು ಕೀಳುವಷ್ಟೇ ತಾಳ್ಮೆಯಿಂದ ಐದನ್ನೂ ಕಿತ್ತು ಹೊಸದನ್ನು ಕೂರಿಸಿದರು. ಸಾಮಾನಿನ ಖರ್ಚು ನೂರು ರೂಪಾಯಿ ದಾಟಲಿಲ್ಲ. ಕೂಲಿ ಎಷ್ಟು ಎಂದರೆ, "ನಿಮ್ಮ ಹತ್ರ ನನ್ನ ಮಗ ಕಲ್ತಿದ್ದ" ಎಂದು ತಗೊಳ್ಳಲೊಪ್ಪಲಿಲ್ಲ. ಕೊನೆಗೆ ಒಂದು ಬಾಳೆಗೊನೆಯಲ್ಲಿ ವ್ಯವಹಾರ ಮುಗಿಯಿತು. ಯಂತ್ರ ಒಂದೇ ಏಟಿಗೆ ಎದ್ದಿತು. ನಾನೂ ಕೊನೆಗೆ ಬ್ಯಾಟರಿ ಬದಲಾಯಿಸಲು ಹೊರಟೆ. ಜೇಬಿನಲ್ಲಿ ನೋಡಿದರೆ ತಂದದ್ದು ತೆಳುವಾದ ಸಿಆರ್2016, ಅಂದರೆ ಅರ್ಧ ದಪ್ಪದ್ದು, ಕೂರಲಿಲ್ಲ. ಮತ್ತೆ ಮುಂದಿನ ಸಲಕ್ಕೆ ಹೋಯಿತು.

ಯಂತ್ರಕ್ಕೆ ವಯಸ್ಸಾಗುವುದು ಎರಡು ಬಗೆಯಲ್ಲಿ ಎಂದು ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ಅನ್ನಿಸಿದ್ದುಂಟು. ಒಂದು ಹೀಗೆ ಮೈಗೆ ಬರುವ ಮುಪ್ಪು. ಇನ್ನೊಂದು ಕಾಗದದ ಮೇಲಿನ ನಿವೃತ್ತಿ. ಎಕ್ಸ್‌ಪಿಗೆ ತಯಾರಕರಿಂದ ಸಿಗುತ್ತಿದ್ದ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿತು. ಅಪ್ಪಯ್ಯನ ಯಂತ್ರಕ್ಕೆ ಇಂಟರ್‌ನೆಟ್ಟೇ ಇಲ್ಲದ್ದರಿಂದ ಅದು ಅವರಿಗೆ ಗೊತ್ತಾಗಲೂ ಇಲ್ಲ, ಬಾಧಿಸಲೂ ಇಲ್ಲ. ಅದೇ ಬೆಂಗಳೂರಿನಲ್ಲಿ ನಾನು ಬಳಸುವ 2016ರ ಕಂಪ್ಯೂಟರು ಒಂದು ಕೆಮ್ಮೂ ಇಲ್ಲದೆ ಓಡುತ್ತಿದೆ, ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಕೇಳುವ ಪ್ರೊಸೆಸರಿನ ಪೀಳಿಗೆ ಅದರಲ್ಲಿಲ್ಲ. 58ಕ್ಕೆ ಗಟ್ಟಿಮುಟ್ಟಾಗಿ ಮನೆಗೆ ಕಳುಹಿಸಲ್ಪಟ್ಟವರು ಇದನ್ನು ಕೇಳಿ ಸುಮ್ಮನೆ ತಲೆಯಾಡಿಸಿದರು.

2025ರ ಮೇ ತಿಂಗಳಲ್ಲಿ ಹಾರ್ಡ್ ಡಿಸ್ಕ್ ಮಾತಾಡತೊಡಗಿತು. ಅಪ್ಪಯ್ಯ ಫೋನನ್ನು ಕ್ಯಾಬಿನೆಟ್ಟಿನ ಹತ್ತಿರ ಹಿಡಿದು ಕೇಳಿಸಿದರು: ಟಕ್, ಟಕ್, ಸ್ವಲ್ಪ ತಡೆದು ಮತ್ತೆ ಟಕ್. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯ ಮೇಲೆ, ತಟ್ಟೆಗೆ ತಾಗದಂತೆ ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತ ಓದುವ ತಲೆಯೊಂದು ಅದರೊಳಗಿದೆ. ಓದಲಾಗದ ಜಾಗ ಸಿಕ್ಕಾಗ ಅದು ಹಿಂದಕ್ಕೆ ಹೋಗಿ, ಮತ್ತೆ ಬಂದು, ಪ್ರಯತ್ನಿಸುತ್ತದೆ. ಆ ಓಡಾಟದ ಸದ್ದು ಅದು. ನಿಜವೆಂದರೆ ಹಾರ್ಡ್ ಡಿಸ್ಕ್ ತನ್ನ ಕಾಯಿಲೆಯನ್ನು ಬಹಳ ಕಾಲ ಮುಚ್ಚಿಡುತ್ತದೆ. ಕೆಟ್ಟ ಜಾಗಗಳಿಗೆ ಬದಲಾಗಿ ಬಳಸಲೆಂದೇ ಮೀಸಲಿಟ್ಟ ಜಾಗಗಳು ಅದರಲ್ಲಿರುತ್ತವೆ, ಯಾರಿಗೂ ಹೇಳದೆ ಒಂದೊಂದನ್ನೇ ಬದಲಾಯಿಸಿಕೊಳ್ಳುತ್ತ ಹೋಗುತ್ತದೆ. ಸದ್ದು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಮುಚ್ಚಿಡುವುದು ಅದರ ಕೈಮೀರಿರುತ್ತದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಸದ್ದು ಕೇಳಿದ ಕೂಡಲೇ ಯಂತ್ರವನ್ನು ಆರಿಸಿ ಪ್ಲಗ್ಗು ಕೀಳಿ ಎಂದು ಹೇಳಬೇಕಿತ್ತು. ನಾನು, ಬಲ್ಲವನೆಂಬ ಜಂಬದಲ್ಲಿ, ಡಿಸ್ಕನ್ನು ಪರೀಕ್ಷಿಸಿ ದುರಸ್ತಿ ಮಾಡುವ ಚೆಕ್‌ಡಿಸ್ಕ್ ಆಜ್ಞೆಯನ್ನು ಅಪ್ಪಯ್ಯನಿಗೆ ಅಕ್ಷರಕ್ಷರ ಹೇಳಿ ಓಡಿಸಿದೆ. ಅದು ಆರೋಗ್ಯವಾಗಿರುವ ಡಿಸ್ಕಿನಲ್ಲಿ ಕಡತಗಳ ಪಟ್ಟಿ ಗೋಜಲಾದಾಗ ಮಾಡಬೇಕಾದ ಕೆಲಸ. ಸಾಯುತ್ತಿರುವ ಡಿಸ್ಕಿನ ಮೇಲೆ ಅದನ್ನು ಓಡಿಸುವುದೆಂದರೆ ಎದೆನೋವಿನವನನ್ನು ಗುಡ್ಡ ಹತ್ತಿಸಿ ಪರೀಕ್ಷಿಸಿದಂತೆ. ಇಡೀ ಡಿಸ್ಕನ್ನು ಮೂಲೆಮೂಲೆ ಓದಿಸುತ್ತದೆ, ಓದಲಾಗದ ಕಡೆ ತನಗೆ ತೋಚಿದಂತೆ ಬರೆದು ‘ಸರಿಪಡಿಸುತ್ತದೆ’. ಮೂರು ತಾಸು ನಡೆಯಿತು. ನಾಲ್ಕನೆಯ ತಾಸಿಗೆ ಯಂತ್ರ ನಿಂತಿತು. ಮತ್ತೆ ಹಾಕಿದರೆ ವಿಂಡೋಸ್ ಬರಲಿಲ್ಲ.

"ಹೋದ್ರೆ ಹೋಗ್ಲಿ, ಪೆನ್ ಡ್ರೈವಲ್ಲಿ ಇದ್ದಲ" ಎಂದರು ಅಪ್ಪಯ್ಯ. ಹೌದು, ಇತ್ತು. ವರ್ಷಗಳ ಹಿಂದೆಯೇ ನಾನು ಕಂಪ್ಯೂಟರಿನ ತೆರೆಯ ಮೇಲೊಂದು ಗುರುತು ಇಟ್ಟುಕೊಟ್ಟಿದ್ದೆ. ಶನಿವಾರ ಸಂಜೆ ಪೆನ್ ಡ್ರೈವ್ ಸಿಕ್ಕಿಸಿ ಅದನ್ನು ಎರಡು ಸಲ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆದು ಎಲ್ಲವೂ ನಕಲಾಗುತ್ತಿತ್ತು. ಅಪ್ಪಯ್ಯ ಒಂದು ಶನಿವಾರವೂ ತಪ್ಪಿಸಿದವರಲ್ಲ. ಆ ಪೆನ್ ಡ್ರೈವನ್ನು ಬೆಂಗಳೂರಿನಲ್ಲಿ ತೆರೆದು ನೋಡಿದಾಗ ಕೈಕಾಲು ತಣ್ಣಗಾಯಿತು. ಹಳೆಯ ಕಡತಗಳೆಲ್ಲವೂ 2024ರ ಜನವರಿಯಲ್ಲೇ ನಿಂತಿದ್ದವು. ನಾನು ಬರೆದುಕೊಟ್ಟಿದ್ದ ಎಕ್ಸ್‌ಕಾಪಿ ಆಜ್ಞೆಗೆ, ಸಮಯ ಉಳಿಯಲೆಂದು, ಡಿ ಎಂಬ ಒಂದು ಷರತ್ತು ಸೇರಿಸಿದ್ದೆ: ಪೆನ್ ಡ್ರೈವಿನಲ್ಲಿರುವ ಪ್ರತಿಗಿಂತ ಕಂಪ್ಯೂಟರಿನಲ್ಲಿರುವುದು ಹೊಸದಾಗಿದ್ದರೆ ಮಾತ್ರ ನಕಲಿಸು. ಹೊಸದೋ ಹಳೆಯದೋ ಎಂಬುದನ್ನು ಅದು ತಿಳಿಯುವುದು ತಾರೀಕಿನಿಂದ. ಗಡಿಯಾರ ಸತ್ತ ಮೇಲೆ ಅಪ್ಪಯ್ಯ ತಿದ್ದಿದ ಪ್ರತಿಯೊಂದು ಕಡತದ ಮೇಲೂ 2008ರ ಜನವರಿ 1 ಎಂಬ ಮುದ್ರೆ ಬೀಳುತ್ತಿತ್ತು; ಪೆನ್ ಡ್ರೈವಿನಲ್ಲಿದ್ದ ಹಳೆಯ ಪ್ರತಿಯೇ ‘ಹೊಸದು’ ಆಗಿ ಉಳಿಯುತ್ತಿತ್ತು. ಹದಿನೈದು ತಿಂಗಳು ಪ್ರತಿ ಶನಿವಾರ ಕಪ್ಪು ಕಿಟಕಿ ತೆರೆಯಿತು, ಪೆನ್ ಡ್ರೈವಿನ ದೀಪ ಮಿಣುಕಿತು, ಸೊನ್ನೆ ಕಡತ ನಕಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಕಿಟಕಿ ಮುಚ್ಚಿತು. ಆ ಹದಿನೈದು ತಿಂಗಳಲ್ಲಿ ಅವರು ಕೂಡಿಸಿದ್ದು ಮುನ್ನೂರಕ್ಕೂ ಹೆಚ್ಚು ಪದಗಳನ್ನು.

ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು. ಡಿಸ್ಕನ್ನು ಕಳಚಿ, ಬನಿಯನ್ನಿನಲ್ಲಿ ಸುತ್ತಿ ಬೆಂಗಳೂರಿಗೆ ತಂದು, ನನ್ನ ಲ್ಯಾಪ್‌ಟಾಪಿಗೆ ಯುಎಸ್‌ಬಿ ವಯರಿನಿಂದ ಜೋಡಿಸಿ, ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು ಓಡಿಸಿದೆ. ಇದರ ಜಾಣತನ ಇರುವುದು ಕೆಲಸದ ಕ್ರಮದಲ್ಲಿ. ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಬಹುದಾದುದನ್ನೆಲ್ಲ ಬಾಚಿಕೊಳ್ಳುತ್ತದೆ. ಎಲ್ಲಾದರೂ ತಡವರಿಸಿದರೆ ಅಲ್ಲಿ ನಿಂತು ಜಗಳಾಡದೆ ಮುಂದಕ್ಕೆ ಹಾರುತ್ತದೆ. ಒಳ್ಳೆಯದೆಲ್ಲ ಕೈಗೆ ಬಂದ ಮೇಲಷ್ಟೇ ಬಿಟ್ಟುಬಂದ ಜಾಗಗಳಿಗೆ ಮರಳಿ, ಅಂಚುಗಳಿಂದ ಒಳಗೊಳಗೆ ಕೆರೆಯುತ್ತದೆ. ಎಲ್ಲೆಲ್ಲಿ ಏನಾಯಿತು ಎಂಬುದನ್ನು ಪಕ್ಕದ ಕಡತದಲ್ಲಿ ಬರೆದುಕೊಳ್ಳುವುದರಿಂದ ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಶುರುಮಾಡಬಹುದು. ಮಾಗಿದ ಕೊನೆಯನ್ನು ಮೊದಲು ಇಳಿಸಿ ಎಳೆಯದನ್ನು ಇನ್ನೊಂದು ಕೊಯ್ಲಿಗೆ ಬಿಡುವ ಕೊನೆಗಾರನ ಲೆಕ್ಕವೇ ಇದು ಎಂದು ಫೋನಿನಲ್ಲಿ ವಿವರಿಸಿದಾಗ ಅಪ್ಪಯ್ಯನಿಗೆ ಕೂಡಲೇ ಅರ್ಥವಾಯಿತು. ಡಿಸ್ಕಿನ ಬಹುಪಾಲು ಒಂದು ರಾತ್ರಿಯಲ್ಲಿ ಬಂತು. ಉಳಿದ ಚೂರುಪಾರಿಗೆ ನಾಲ್ಕು ದಿನ ಹಿಡಿಯಿತು. ನಾನು ಊಟ ಮಾಡುವಾಗಲೂ ಆ ಟಕ್ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದೆ. ಐದನೆಯ ದಿನ ತಟ್ಟೆ ತಿರುಗುವುದನ್ನೇ ನಿಲ್ಲಿಸಿತು. ಅಷ್ಟರಲ್ಲಿ ಬಾರದೆ ಉಳಿದದ್ದು ಮುನ್ನೂರು ಕಿಲೋಬೈಟಿಗಿಂತ ಸ್ವಲ್ಪ ಹೆಚ್ಚು, 160 ಜಿಬಿಯ ಮುಂದೆ ಅದು ಲೆಕ್ಕಕ್ಕೇ ಬಾರದ ಮೊತ್ತ.

ಗೆದ್ದೆನೆಂದು ಕಡತವೊಂದನ್ನು ಲ್ಯಾಪ್‌ಟಾಪಿನಲ್ಲಿ ತೆರೆದೆ. ತೆರೆಯ ತುಂಬ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟನ್ನಿನ ಪೌಂಡಿನ ಚಿಹ್ನೆ. ಒಂದು ಕ್ಷಣ ಎಲ್ಲವೂ ಕೆಟ್ಟಿದೆಯೆಂದೇ ಎಣಿಸಿ, ಆಮೇಲೆ ನೆನಪಾಯಿತು. ಅಪ್ಪಯ್ಯ ಬರೆದದ್ದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆಂದು ಬೇರೆಯೇ ಸಂಕೇತಗಳಿದ್ದರೂ ಅಂದಿನ ಮುದ್ರಣಾಲಯಗಳು ಪುಟ ಕಟ್ಟಲು ಬಳಸುತ್ತಿದ್ದ ಪೇಜ್‌ಮೇಕರಿಗೆ ಅವು ತಿಳಿಯುತ್ತಿರಲಿಲ್ಲ. ಪುಸ್ತಕವಾಗಬೇಕೆಂದರೆ ಇಂಗ್ಲಿಷಿನ ಮನೆಗಳಲ್ಲೇ ಕನ್ನಡದ ಆಕಾರಗಳನ್ನು ಬಾಡಿಗೆಗಿರಿಸಬೇಕಿತ್ತು. ಅಂದಿನವರು ಅದನ್ನೆಷ್ಟು ಜಾಣತನದಿಂದ ಮಾಡಿದ್ದಾರೆಂದು ಇಂದಿಗೂ ಬೆರಗಾಗುತ್ತದೆ. ಆದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವೇ ಏಳು ತುಂಡಾಗುತ್ತದೆ: ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆಯಿರುವ ‘ಎ’, ಪೌಂಡು, ಮತ್ತೆ ಅದೇ ‘ಎ’, ಜರ್ಮನರ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಮತ್ತೆ ‘ಎ’. ಆ ಯಂತ್ರವನ್ನು ನಾವು ರಬ್ಬರು ಉಜ್ಜಿ, ಕೆಪಾಸಿಟರು ಹಾಕಿ ಏಕೆ ನಡೆಸಿಕೊಂಡು ಬಂದೆವೆಂಬುದು ನನಗೆ ಸ್ಪಷ್ಟವಾದದ್ದು ಆಗ. ಅಪ್ಪಯ್ಯನ ಬರಹವನ್ನು ಓದಬಲ್ಲದ್ದು ನಮ್ಮಲ್ಲಿ ಅದೊಂದೇ ಆಗಿತ್ತು.

ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳಿವೆ, ಅವುಗಳಿಂದ ತೊಂಬತ್ತೈದು ಪಾಲು ಸರಿಯಾಯಿತು. ಉಳಿದ ಐದು ಪಾಲಿನಲ್ಲಿ ಅರ್ಕಾವತ್ತಿನದೇ ದೊಡ್ಡ ರಗಳೆ. ಹಳೆಯ ಶೈಲಿಯಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಸಾಲಿನಲ್ಲೇ ಕೂತಿರುತ್ತವೆ. ‘ಕರ್ನಾಟಕ’ದ ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ. ಯೂನಿಕೋಡಿಗೆ ಉಚ್ಚಾರದ ಕ್ರಮ ಬೇಕು, ಅಲ್ಲಿ ‘ರ್’ ಮೊದಲು ಬಂದು ‘ನಾ’ ಆಮೇಲೆ. ಪರಿವರ್ತಕ ಹಿಂದಕ್ಕೆ ಎಷ್ಟು ಹೆಜ್ಜೆ ಹೋಗಬೇಕೆಂದು ಗೊತ್ತಾಗದೆ, ಒತ್ತೂ ದೀರ್ಘವೂ ಒಟ್ಟಿಗಿರುವಲ್ಲಿ ಅದನ್ನು ಪಕ್ಕದ ಅಕ್ಷರದ ತಲೆಗೆ ಕಟ್ಟಿಬಿಡುತ್ತಿತ್ತು. ಅಚ್ಚುಹಾಕಿಸಿ ಅಪ್ಪಯ್ಯನಿಗೆ ಕಳಿಸಿದೆ. ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿಯಲ್ಲಿ ಇನ್ನೂರು ಪುಟ ತಿದ್ದಿ ಕಳಿಸಿದರು. ಕೊನೆಯ ಪುಟದಲ್ಲಿ ಅಂಕ ಕೊಟ್ಟಿರಲಿಲ್ಲ ಎಂಬುದೊಂದೇ ಸಮಾಧಾನ.

ಆ ಮುನ್ನೂರು ಕಿಲೋಬೈಟು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರವೂ ಆಗಲೇ ಸಿಕ್ಕಿತು. ಹೆಚ್ಚಿನದೆಲ್ಲ ವಿಂಡೋಸಿನ ಯಾವುದೋ ಕಡತಗಳಲ್ಲಿ, ನಮಗೆ ಬೇಡದ್ದು. ಒಂದು ತುಂಡು ಮಾತ್ರ ‘ಚ’ ಅಕ್ಷರದ ಕಡತದ ನಡುವೆ ಬಿದ್ದಿತ್ತು. ವರ್ಡ್ ಆ ಕಡತವನ್ನು ತೆರೆಯಲು ಒಪ್ಪಲಿಲ್ಲ. ಒಳಗಿನ ಪಠ್ಯವನ್ನಷ್ಟೇ ಹೆಕ್ಕುವ ದಾರಿಯಿಂದ ತೆರೆದಾಗ ‘ಚಪ್ಪರ’ದ ವಿವರಣೆಯ ಅರ್ಧಕ್ಕೆ ಮಾತು ನಿಂತು, ಒಂದಿಷ್ಟು ಖಾಲಿ ಚೌಕಗಳಾಗಿ, ‘ಚೊಗರು’ ಮುಗಿಯುವಲ್ಲಿಗೆ ಮತ್ತೆ ಶುರುವಾಗುತ್ತಿತ್ತು. ಪೆನ್ ಡ್ರೈವಿನ 2024ರ ಪ್ರತಿಯಲ್ಲಿ ಆ ನಡುವೆ ಹನ್ನೊಂದು ಪದಗಳಿದ್ದವು, ಚಾಲಿ, ಚಾವಡಿ ಅಂಥವು. ಆದರೆ ಅದಾದ ಮೇಲೆ ಅಲ್ಲಿಗೆ ಒಂಬತ್ತು ಸೇರಿಸಿದ್ದೆ ಎಂದು ಅಪ್ಪಯ್ಯನಿಗೆ ಖಚಿತವಾಗಿ ನೆನಪಿತ್ತು. ಒಂಬತ್ತರಲ್ಲಿ ಆರು ಅವರ ಬಾಯಲ್ಲೇ ಇದ್ದವು. ಏಳನೆಯದು ಅಮ್ಮನಿಗೆ ಗೊತ್ತಿತ್ತು. ಬೇಯಿಸಿದ ಅಡಿಕೆಗೆ ಚೊಗರು, ಅಂದರೆ ಬಣ್ಣ ಕೊಡುವ ಕಷಾಯ, ಸರಿಯಾಗಿ ಹಿಡಿಯದೆ ಅಲ್ಲಲ್ಲಿ ಬಿಳಿಚಿಕೊಂಡರೆ ಹೇಳುವ ಮಾತು, ಅವಳ ತವರಿನದು. ಉಳಿದೆರಡಕ್ಕಾಗಿ ಈ ಸುಗ್ಗಿಯಲ್ಲಿ ಅಪ್ಪಯ್ಯ ರಾತ್ರಿ ಅಡಿಕೆ ಸುಲಿಯುವಲ್ಲಿಗೆ ಹೋಗಿ ಕೂರುತ್ತಿದ್ದಾರೆ. ಆ ಪದಗಳನ್ನು ಹೇಳಿಕೊಟ್ಟಿದ್ದ ಹೆಂಗಸು ಈಗ ಮಗಳ ಮನೆಗೆ ಹೋಗಿದ್ದಾಳಂತೆ. ಉಳಿದವರಿಗೆ ಪದ ನೆನಪಿಲ್ಲ, ಅವಳು ಅದನ್ನು ಹೇಳುತ್ತಿದ್ದುದು ನೆನಪಿದೆ. ಹಾಗಾಗಿ ಸದ್ಯಕ್ಕೆ ಆ ಪುಟದಲ್ಲಿ ಎರಡು ಸಾಲು ಖಾಲಿ ಬಿಟ್ಟಿದೆ.

ಹೊಸ ಯಂತ್ರ ಬಂದಿದೆ. ಹೊಸದೆಂದರೆ ಒಂದು ಕಚೇರಿ ಮಾರಿದ್ದನ್ನು ಎಸ್.ಪಿ. ರಸ್ತೆಯಲ್ಲೇ ಕೊಂಡದ್ದು, ಅದಕ್ಕೆ ಲಿನಕ್ಸ್ ಮಿಂಟ್ ಹಾಕಿ, ಯೂನಿಕೋಡಿನಲ್ಲೇ ಬರೆಯುವಂತೆ ಮಾಡಿಕೊಟ್ಟಿದ್ದೇನೆ. ನಕಲಿಸುವ ಆಜ್ಞೆ ಈಗ ತಾರೀಕನ್ನು ನಂಬುವುದಿಲ್ಲ, ಕಡತದ ಒಳಗನ್ನೇ ಹೋಲಿಸುತ್ತದೆ. ವಾರಕ್ಕೊಂದು ಪ್ರತಿ ನನ್ನ ಹತ್ತಿರಕ್ಕೂ ಬರುತ್ತದೆ. ಒಂದೇ ವಿಷಯಕ್ಕೆ ಅಪ್ಪಯ್ಯ ಹಟ ಹಿಡಿದರು. ಹೊಸ ಕೀಲಿಮಣೆ ಬೇಡ, ಹಳೆಯದೇ ಬೇಕು. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಅದರಲ್ಲಿ ಒತ್ತಕ್ಷರ ಬೇಕೆಂದರೆ ನಡುವೆ ‘ಎಫ್’ ಒತ್ತಬೇಕು. ಹದಿನೇಳು ವರ್ಷ ಕನ್ನಡ ಬರೆದ ಆ ಕೀಲಿಮಣೆಯಲ್ಲಿ ಎಫ್ ಅಕ್ಷರ ಪೂರ್ತಿ ಅಳಿಸಿ, ಪ್ಲಾಸ್ಟಿಕ್ಕು ನೆಕ್ಕಿದ ಬೆಲ್ಲದಂತೆ ನುಣುಪಾಗಿ, ನಡುವೆ ಬೆರಳಿನಷ್ಟಗಲ ತಗ್ಗಾಗಿದೆ. ಕಣ್ಣು ಮಂಜಾದರೂ ಬೆರಳಿಗೆ ಆ ತಗ್ಗು ಸಿಕ್ಕಿದರೆ ಉಳಿದದ್ದೆಲ್ಲ ಎಲ್ಲಿದೆಯೆಂದು ಗೊತ್ತಾಗುತ್ತದಂತೆ. ಅದರ ತುದಿಯಲ್ಲಿರುವುದು ನೇರಳೆ ಬಣ್ಣದ ದುಂಡನೆಯ ಪಿಎಸ್2 ಪಿನ್ನು, ಹೊಸ ಯಂತ್ರದಲ್ಲಿ ಅದಕ್ಕೆ ಕಿಂಡಿಯಿಲ್ಲ. ಮೊದಲು ತಂದ ಮೂವತ್ತು ರೂಪಾಯಿಯ ಬರಿಯ ಮೂತಿ ಕೆಲಸ ಮಾಡಲಿಲ್ಲ. ಒಳಗೆ ಚಿಪ್ಪಿರುವ ಪರಿವರ್ತಕವೇ ಆಗಬೇಕಿತ್ತು. ಎರಡನೆಯ ಸಲಕ್ಕೆ ಸರಿಯಾದದ್ದನ್ನು ಹುಡುಕಿ ಕೊರಿಯರ್ ಮಾಡಿದೆ. ಅದೇ ಪೊಟ್ಟಣದಲ್ಲಿ ಒಂದು ಸಿಆರ್2032 ಬಿಲ್ಲೆಯನ್ನೂ ಇಟ್ಟಿದ್ದೇನೆ. ಹೊಸ ಯಂತ್ರದ ಪ್ಲಗ್ಗನ್ನೂ ಅವರು ದಿನಾ ಸಂಜೆ ಕಿತ್ತಿಡುತ್ತಿದ್ದಾರೆ.